ಪ್ರವಾಸಿಯ ಬರಹ ಮತ್ತು ಅದರ ಪ್ರೇರಣೆ

ಪ್ರವಾಸಿಗಳು ತಾವು ಕಂಡ ಸ್ಥಳಗಳನ್ನು ಕುರಿತು ಇಂದು ಅಂತರಜಾಲದಲ್ಲಿ ಬರೆಯುತ್ತಿರುವ ಅಭಿಪ್ರಾಯಗಳು ಅಸಂಖ್ಯ, ನೆಚ್ಚತಕ್ಕವು ಕೆಲವೇ. ಉತ್ತಮ ಬರಹಕ್ಕೆ ಪ್ರೇರಣೆ ಪ್ರತಿಫಲವೇ, ಅಸಮಾಧಾನವೇ, ಅಥವಾ ಬೇರೊಂದು ಹೊಣೆಯೇ? ವಿಜಯನಗರವನ್ನು ಕಂಡ ಇಬ್ಬರು ಪೋರ್ಚುಗೀಸರ ವೃತ್ತಾಂತಗಳ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಬಯಸುತ್ತೇವೆ.

ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಈ ನಗರವನ್ನು ಕಂಡನು. ಫೆರ್ನಾವೊ ನೂನಿಜನು ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಲ್ಲಿ. ಡೇವಿಡ್ ಲೋಪೆಸರು 1897ರಲ್ಲಿ ಮೂಲವನ್ನೂ, ರಾಬರ್ಟ್ ಸೀವೆಲರು 1900ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಈ ಬರಹಗಳೊಡನೆ ಕಳುಹಿಸಲಾದ ಪತ್ರವೊಂದು ವಿಚಾರಾರ್ಹವಾದುದು. ವಿಜಯನಗರಕ್ಕೆ ಹೋದವರಾರೂ ಕಾಗದದ ಕಟ್ಟೊಂದನ್ನು ಬರೆದು ತರದೆ ಮರಳುವುದಿಲ್ಲವೆಂದೂ, ಹಿರಿಯರೊಬ್ಬರ ಅಪೇಕ್ಷೆಯಂತೆ ಅಂಥವರನ್ನು ಹುಡುಕಿ ಇವನ್ನು ಪಡೆದುದಾಗಿಯೂ ಅದು ತಿಳಿಸುತ್ತದೆ. ತಿಳಿಯಬಯಸುವ ಓದುಗರು ಆಗ ಇದ್ದರೆಂಬುದು ಇದರಿಂದ ಸ್ಪಷ್ಟ. ಪಾಯೆಸನ ನಿರೂಪಣೆಯೂ ಓದುಗನನ್ನು ನೇರವಾಗಿ ಸಂಬೋಧಿಸಿಯೇ ಸಾಗುತ್ತದೆ.

ಇದರ ಪರಿಣಾಮವನ್ನು ಬರಹದಲ್ಲಿಯೇ ಕಾಣಬಹುದು. ಪಾಯೆಸನು ಬೆಟ್ಟವನ್ನೇರಿ ನಗರವನ್ನು ನೋಡಿದನು. ಕಂಡಷ್ಟೇ ಭಾಗ ರೋಮಿನಷ್ಟು ವಿಶಾಲವಾಗಿ ತೋರಿತು. ಗುಡ್ಡಸಾಲುಗಳ ನಡುವೆ ಹರಡಿದುದರಿಂದ ಪೂರ್ಣವಾಗಿ ಕಾಣಲಾಗಲಿಲ್ಲವೆಂದು ಒಪ್ಪಿಕೊಂಡನು. ಕಟ್ಟುಕಥೆಯೆಂದು ಜನರು ಭಾವಿಸಿಯಾರೆಂಬ ಅಳುಕಿನಿಂದ ಜನಸಂಖ್ಯೆಯನ್ನೇ ಬರೆಯಲಿಲ್ಲ. ನೂನಿಜನ ಮೂರು ವರ್ಷಗಳ ಕುದುರೆ ವ್ಯಾಪಾರ ಲಾಭ ತರಲಿಲ್ಲವೆಂದು ಆ ಪತ್ರವೇ ಹೇಳುತ್ತದೆ. ಆದರೂ ಅವನ ವೃತ್ತಾಂತ ದೂರಿನ ಪಟ್ಟಿಯಾಗಲಿಲ್ಲ. ಅರಸರ ಚರಿತ್ರೆ, ಸೈನ್ಯ, ನಾಯಕರ ಆದಾಯಗಳನ್ನು ವಿವರಿಸಿತು. ಮೊದಲ ಅರಸರ ವಿಷಯದಲ್ಲಿ ಅವನ ತಪ್ಪುಗಳು ಹಲವು; ಅವು ಕೇಳಿ ಬರೆದುದರ ದೋಷಗಳೇ ಹೊರತು ಕಹಿಯ ಫಲವಲ್ಲ.

ಹಿಂದಿನವರೆಲ್ಲರೂ ಸತ್ಯನಿಷ್ಠರೆಂದು ನಮ್ಮ ವಾದವಲ್ಲ. ಆ ಕಟ್ಟುಗಳಲ್ಲಿ ನಮಗೆ ಉಳಿದಿರುವುವು ಕೆಲವು ಮಾತ್ರ. ಇಂದಿನ ಅಸಮಾಧಾನವೂ ನಿರರ್ಥಕವಲ್ಲ. ವಸತಿಗೃಹದ ಕೊಳಕನ್ನು ತಿಳಿಸುವುದು ಉಪಕಾರವೇ. ಆದರೆ ಗೂಗಲ್ ನಕ್ಷೆಯು ಅಭಿಪ್ರಾಯ ಬರೆದವರಿಗೆ ಅಂಕಗಳನ್ನು ನೀಡಿ, ದೀರ್ಘ ಬರಹಕ್ಕೆ ಇನ್ನಷ್ಟನ್ನು ಸೇರಿಸುವ ಪದ್ಧತಿಯನ್ನು ತಂದಿತು. ಅಂಕವು ಬರಹವನ್ನು ಉದ್ದವಾಗಿಸಬಲ್ಲದು, ಕೋಪವು ಬಿಸಿಯಾಗಿಸಬಲ್ಲದು. ಕಂಡುದನ್ನೂ ಕಾಣದುದನ್ನೂ ಬೇರ್ಪಡಿಸುವ ಎಚ್ಚರವನ್ನು ಇವೆರಡೂ ಕೊಡಲಾರವು. ಅದು ಹುಟ್ಟುವುದು ಮುಂದೆ ಬರುವವನೊಬ್ಬನು ತನ್ನ ಮಾತನ್ನು ನಂಬಿ ನಡೆದಾನೆಂಬ ಅರಿವಿನಿಂದ.

ನಾಳೆ ಹಂಪೆಯ ಚರಿತ್ರೆಯನ್ನು ಬರೆಯುವವರಿಗೆ ಇಂದಿನ ಈ ಅಭಿಪ್ರಾಯಗಳೂ ಆಕರಗಳಾದಾವು. ಆದುದರಿಂದ ಯಾವ ಬರಹವನ್ನೇ ಆಗಲಿ ಸಾಕ್ಷ್ಯವಾಗಿ ಸ್ವೀಕರಿಸುವ ಮೊದಲು, ಅದನ್ನು ಯಾರಿಗಾಗಿ ಬರೆಯಲಾಯಿತೆಂದು ವಿದ್ಯಾರ್ಥಿಗಳು ಪ್ರಶ್ನಿಸುವುದು ಅವಶ್ಯ.