ಧ್ವನಿವರ್ಧಕದ ಒಡೆಯನೂ ಹಾಡಿನ ಚರಿತ್ರೆಯೂ

ಜಮೈಕಾ ದ್ವೀಪದ ರೆಗ್ಗೆ ಸಂಗೀತವನ್ನು ಕುರಿತು ಬರೆಯುವವರಲ್ಲಿ ಅನೇಕರು ಬಾಬ್ ಮಾರ್ಲಿಯನ್ನು ಶಿಖರವೆಂದೆಣಿಸಿ, 1981ರ ಮೇ ತಿಂಗಳಲ್ಲಿ ಆತನು ಕಾಲವಾದ ಮೇಲೆ ಆ ಸಂಗೀತವು ಇಳಿಮುಖವಾಯಿತೆಂದು ತೀರ್ಮಾನಿಸುತ್ತಾರೆ. ಅದೇ ಕಾಲಕ್ಕೆ ತಲೆಯೆತ್ತಿದ ಡ್ಯಾನ್ಸ್‌ಹಾಲ್ ಎಂಬ ಪ್ರಕಾರವು ಇವರ ದೃಷ್ಟಿಯಲ್ಲಿ ಕೇವಲ ಪತನ. ಭಕ್ತಿ ಹೋಗಿ ಬಡಾಯಿ ಬಂದಿತು, ವಾದ್ಯ ಹೋಗಿ ಯಂತ್ರ ಬಂದಿತು ಎಂಬುದು ಇವರ ಆಕ್ಷೇಪ. ಹಾಡುವವನನ್ನು ಮಾತ್ರ ನೋಡಿ, ಹಾಡಿಗೆ ಹಣ ಹೂಡಿ ಅದನ್ನು ಜನರ ಮುಂದೆ ತಂದವನನ್ನು ಮರೆತದ್ದರಿಂದ ಹುಟ್ಟಿದ ನಿರ್ಣಯವಿದು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಾಡುಗಳ ಅಧ್ಯಯನದಲ್ಲಿಯೂ ಇದೇ ಕೊರತೆಯುಂಟಾದ ಕಾರಣ, ಆ ದೂರದ ದ್ವೀಪದ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

1950ರ ದಶಕದಲ್ಲಿ ಕಿಂಗ್ಸ್‌ಟನ್ ನಗರದ ಬಡವರಿಗೆ ವಾದ್ಯಗೋಷ್ಠಿಯನ್ನು ಕರೆಸುವ ಶಕ್ತಿಯಿರಲಿಲ್ಲ. ಅದರ ಸ್ಥಾನವನ್ನು ತುಂಬಿದುದು ಸೌಂಡ್ ಸಿಸ್ಟಮ್. ಎಂದರೆ ರೆಕಾರ್ಡು ತಿರುಗಿಸುವ ಯಂತ್ರ, ಬಲವಾದ ಆಂಪ್ಲಿಫೈಯರು, ಬೀರುವಿನಷ್ಟೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಬಯಲಿನಲ್ಲಿ ಇವನ್ನು ಹೂಡಿ, ಅಮೆರಿಕದ ರೆಕಾರ್ಡುಗಳನ್ನು ನುಡಿಸಿ, ಪ್ರವೇಶದ ಹಣ ಪಡೆಯುವುದು ವ್ಯಾಪಾರದ ಕ್ರಮ. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಮೊದಲಾದವರು ಈ ವ್ಯಾಪಾರದ ಪ್ರತಿಸ್ಪರ್ಧಿಗಳು. ಎದುರಾಳಿಗೆ ಹಾಡಿನ ಮೂಲ ತಿಳಿಯಬಾರದೆಂದು ರೆಕಾರ್ಡಿನ ಮೇಲಣ ಚೀಟಿಯನ್ನೇ ಕೆರೆದುಹಾಕುತ್ತಿದ್ದರು. (ಚರಿತ್ರಕಾರನಿಗೆ ಇದಕ್ಕಿಂತ ದೊಡ್ಡ ಅಪಕಾರ ಬೇರೆ ಬೇಕೆ!) ತಮಗೆ ಬೇಕಾದ ಅಮೆರಿಕದ ಸರಕು ವಿರಳವಾಗುತ್ತಲೇ ಇವರು ಸ್ಥಳೀಯ ಗಾಯಕರಿಂದ ತಾವೇ ಹಾಡಿಸತೊಡಗಿದರು, 1963ರಲ್ಲಿ ಡಾಡನು ಸ್ಟುಡಿಯೋ ಒನ್ ಎಂಬ ಮುದ್ರಣಾಲಯವನ್ನು ತೆರೆದನು. ಹೀಗೆ ಅಲ್ಲಿಯ ಸ್ವತಂತ್ರ ನಿರ್ಮಾಪಕನು ಹುಟ್ಟಿದುದು ಕಂಪೆನಿಯ ಕಚೇರಿಯಲ್ಲಲ್ಲ, ಕುಣಿತದ ಬಯಲಿನಲ್ಲಿ. ಹೊಸ ಹಾಡಿನ ಒಂದೇ ಪ್ರತಿಯನ್ನು ಮೊದಲು ಬಯಲಿಗೆ ಒಯ್ದು ನುಡಿಸುವನು; ಜನ ಕುಣಿದರೆ ಮಾರಾಟಕ್ಕೆ ಅಚ್ಚು ಹಾಕಿಸುವನು.

ಯಂತ್ರವು ಜನರ ಬಾಯಿಯನ್ನು ಕಟ್ಟುತ್ತದೆಂಬ ಮಾತು ಇಲ್ಲಿ ಸಲ್ಲುವುದಿಲ್ಲ. 1960ರ ದಶಕದ ಕೊನೆಗೆ, ಗಾಯಕನ ಧ್ವನಿಯನ್ನು ತೆಗೆದು ಬರಿಯ ವಾದ್ಯವನ್ನುಳಿಸಿದ ರೆಕಾರ್ಡುಗಳು ಬಳಕೆಗೆ ಬಂದುವು. ರೇಡಿಯೋ ರಿಪೇರಿ ಬಲ್ಲ ಕಿಂಗ್ ಟಬಿಯು ಇವನ್ನು ತನ್ನ ಸೌಂಡ್ ಸಿಸ್ಟಮ್ಮಿನಲ್ಲಿ ನುಡಿಸಿದಾಗ, ಆ ಬರಿದಾದ ಜಾಗದಲ್ಲಿ ಯೂ-ರಾಯ್ ಎಂಬಾತನು ಸ್ಥಳದಲ್ಲಿಯೇ ಪ್ರಾಸಕಟ್ಟಿ ನುಡಿಯುತ್ತಿದ್ದನು. ಇಂಥ ನುಡಿಗಾರನಿಗೆ ಅಲ್ಲಿ ಡೀಜೆ ಎಂದು ಹೆಸರು. ಡ್ಯಾನ್ಸ್‌ಹಾಲ್ ಈ ಬೇರಿನಿಂದಲೇ ಚಿಗುರಿತು. 1979ರ ಹೊತ್ತಿಗೆ ಹೆನ್ರಿ ‘ಜುಂಜೊ’ ಲಾಸ್ ಎಂಬ ತರುಣ ನಿರ್ಮಾಪಕನು ರೂಟ್ಸ್ ರ‍್ಯಾಡಿಕ್ಸ್ ವಾದ್ಯಗಾರರಿಂದ ಹಳೆಯ ಮಟ್ಟುಗಳನ್ನು ಹೊಸದಾಗಿ ನುಡಿಸಿ, ಅವುಗಳ ಮೇಲೆ ಬ್ಯಾರಿಂಗ್‌ಟನ್ ಲೀವಿಯಂತಹ ಹುಡುಗರಿಂದ ಹಾಡಿಸಿದನು. ಒಂದೇ ಮಟ್ಟಿನ ಮೇಲೆ ಹತ್ತು ಜನ ಹಾಡಬಹುದಾದ ಕಾರಣ ಖರ್ಚು ಕಡಮೆ. ಆದುದರಿಂದಲೇ ಹೆಸರಿಲ್ಲದವರಿಗೂ ಅವಕಾಶ ದೊರೆಯಿತು. ಹುಟ್ಟುಬಿಳುಪಿನವನೆಂದು ಸಮಾಜದ ತಿರಸ್ಕಾರವನ್ನುಂಡು ಅನಾಥಾಲಯದಲ್ಲಿ ಬೆಳೆದ ಯೆಲ್ಲೋಮ್ಯಾನನು 1980ರ ದಶಕದ ಆರಂಭದಲ್ಲಿ ದ್ವೀಪದ ಅಗ್ರ ಡೀಜೆಯಾದನು. ಇದನ್ನು ಪತನವೆಂದು ಕರೆಯಲು ನಾವು ಸಿದ್ಧರಿಲ್ಲ.

ಆದರೆ ನಿರ್ಮಾಪಕನನ್ನು ಕೊಂಡಾಡುವುದೂ ಸರಿಯಲ್ಲ. ರೆಕಾರ್ಡಿನ ಮೇಲೆ ಅವನ ಹೆಸರು ಅಚ್ಚಾಯಿತು. ಹಳೆಯ ಮಟ್ಟನ್ನು ಮೊದಲು ಕಟ್ಟಿದ ವಾದ್ಯಗಾರರಿಗೆ ಬಹಳ ಸಲ ಹೆಸರೂ ಇಲ್ಲ, ಹಣವೂ ಇಲ್ಲ. 1985ರಲ್ಲಿ ಪ್ರಿನ್ಸ್ ಜಾಮಿಯು ವೇಯ್ನ್ ಸ್ಮಿತನಿಂದ ಹಾಡಿಸಿದ ‘ಸ್ಲೆಂಗ್ ಟೆಂಗ್’ ವಾದ್ಯಗಾರರ ಯುಗವನ್ನೇ ಪಲ್ಲಟಗೊಳಿಸಿತು. ಅದರ ತಾಳವು ಕ್ಯಾಸಿಯೋ ಕಂಪೆನಿಯ ಒಂದು ಸಣ್ಣ ಕೀಬೋರ್ಡಿನೊಳಗೆ ಮೊದಲೇ ಅಡಕವಾಗಿದ್ದುದು. ಅದನ್ನು ರಚಿಸಿದವಳು ಒಕುಡ ಹಿರೋಕೊ ಎಂಬ ಜಪಾನಿ ತರುಣಿ. ರೆಗ್ಗೆಯನ್ನು ಕುರಿತೇ ಪದವಿಯ ಪ್ರಬಂಧ ಬರೆದು ಕಂಪೆನಿಯನ್ನು ಸೇರಿದ್ದವಳು. ಆಕೆಯ ಹೆಸರು ಹೊರಗೆ ಪ್ರಚಾರವಾಗಲು ದಶಕಗಳೇ ಹಿಡಿದುವು.

ಇನ್ನು ನಮ್ಮ ಸೀಮೆಗೆ ಬರೋಣ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ್ದಾರೆ. ಮ್ಯಾಸನಾಯಕರ ಉರುಮೆಯನ್ನೂ ಗಾದ್ರಿಪಾಲನಾಯಕನ ಕಥನವನ್ನೂ ವಿದ್ವಾಂಸರು ಗಮನಿಸಿದ್ದಾರೆ. ಈ ಕಾರ್ಯದ ಬೆಲೆ ದೊಡ್ಡದು. ಆದರೆ ಇಂಥ ಸಂಗ್ರಹಗಳು ಸಾಮಾನ್ಯವಾಗಿ ಹಾಡುವ ಕಂಠದ ಬಳಿಗೆ ಹೋಗಿ ಅಲ್ಲಿಯೇ ನಿಲ್ಲುತ್ತವೆ. ನಾಯಕನಹಟ್ಟಿಯ ಜಾತ್ರೆಯಲ್ಲಿ, ಹಟ್ಟಿಯ ಮದುವೆಯಲ್ಲಿ ಮೈಕ್‌ಸೆಟ್ಟನ್ನು ಬಾಡಿಗೆಗೆ ತಂದು, ಕಂಬಕ್ಕೆ ಹಾರನ್ನು ಕಟ್ಟಿ, ಯಾವ ಹಾಡಿನ ಅನಂತರ ಯಾವ ಹಾಡೆಂದು ನಿಶ್ಚಯಿಸುವವನು ಜಾನಪದ ಗ್ರಂಥಗಳಲ್ಲಿ ಪಾತ್ರವೇ ಅಲ್ಲ. ಬಂದರೂ ಸದ್ದಿನ ಉಪದ್ರವಕಾರನಾಗಿ ಬರುತ್ತಾನೆ. ಆತನು ಸ್ವತಃ ಹಾಡನ್ನು ಮುದ್ರಿಸಿ ಮಾರುವ ಕಿಂಗ್ಸ್‌ಟನ್ನಿನ ನಿರ್ಮಾಪಕನಲ್ಲವೆಂಬುದು ನಿಜ. ಆದರೂ ಊರಿನ ಕಿವಿಯನ್ನು ತಿದ್ದಿದವರಲ್ಲಿ ಆತನೊಬ್ಬನು. ಆತನ ಬಾಡಿಗೆಯ ಲೆಕ್ಕಪುಸ್ತಕವೂ ಕ್ಯಾಸೆಟ್ಟಿನ ಪೆಟ್ಟಿಗೆಯೂ ಗುಜರಿಗೆ ಹೋಗುವ ಮುನ್ನ ನಮ್ಮ ವಿದ್ಯಾರ್ಥಿಗಳು ಹೋಗಿ ನೋಡುವುದು ಅವಶ್ಯ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಆಜ್ಞೆಯನ್ನು ಬರೆದ ಚಪಡನು ಬಂಡೆಯ ಮೇಲೆ ರಾಜನ ಮಾತನ್ನಷ್ಟೇ ಉಳಿಸಿ ಹೋಗಲಿಲ್ಲ. ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿ, ಲಿಪಿಕಾರನೆಂಬ ತನ್ನ ಕಸುಬಿನ ಪದವನ್ನು, ಈ ಸೀಮೆಯಲ್ಲಿ ಓದುವವರೇ ಇರದ ಖರೋಷ್ಠೀ ಲಿಪಿಯಲ್ಲಿ ಬರೆದನು.