ಮೊದಲು ಯಾವುದು: ಸಿಲ್ವರನ ಹಡಗೋ, ಸಾಲೊಮನ್ನನ ಗಣಿಯೋ?

ರೈಡರ್ ಹ್ಯಾಗರ್ಡ್ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಬರೆದದ್ದು ಪಂತಕ್ಕೆ ಬಿದ್ದು. ಸ್ಟೀವನ್ಸನ್ನನ ‘ಟ್ರೆಷರ್ ಐಲ್ಯಾಂಡ್’ 1883ರಲ್ಲಿ ಪುಸ್ತಕವಾಗಿ ಬಂದು ಹೆಸರು ಮಾಡಿತ್ತು. ಅದೇನು ಮಹಾ ಎಂದ ಹ್ಯಾಗರ್ಡ್‌ಗೆ ಅವನ ಸಹೋದರ, ಅದರ ಅರ್ಧದಷ್ಟು ಚೆನ್ನಾಗಿರುವುದನ್ನು ಬರೆದು ತೋರಿಸು ನೋಡೋಣ ಎಂದನಂತೆ. 1885ರಲ್ಲಿ ಉತ್ತರ ಬಂತು. ಹಾಗಾಗಿ ಇವೆರಡರಲ್ಲಿ ಯಾವುದನ್ನು ಮೊದಲು ಓದಲಿ ಎಂಬ ಪ್ರಶ್ನೆ ಹೊಸದೇನಲ್ಲ. ಎರಡನೆಯ ಪುಸ್ತಕ ಹುಟ್ಟಿದ್ದೇ ಆ ಹೋಲಿಕೆಯಿಂದ.

ಎಂ.ಎ. ವಿದ್ಯಾರ್ಥಿಗಳು ಕೇಳಿದರೆ ‘ಟ್ರೆಷರ್ ಐಲ್ಯಾಂಡ್’ ಮೊದಲು ಎನ್ನುತ್ತೇನೆ. ಸಂಶೋಧನೆ ಮಾಡುವವರ ಬಾಯಲ್ಲಿ ಈ ಉತ್ತರ ವಿಚಿತ್ರವೆನಿಸಬಹುದು, ಏಕೆಂದರೆ ನಮ್ಮ ಕೆಲಸಕ್ಕೆ ಹೆಚ್ಚು ಒದಗುವವನು ಹ್ಯಾಗರ್ಡ್. 1877ರಲ್ಲಿ ಬ್ರಿಟಿಷರು ಟ್ರಾನ್ಸ್‌ವಾಲನ್ನು ವಶಪಡಿಸಿಕೊಂಡಾಗ ಪ್ರಿಟೋರಿಯಾದಲ್ಲಿ ಧ್ವಜ ಏರಿಸಲು ಕೈಹಾಕಿದವನು ಅವನು. ಕಾದಂಬರಿಯಲ್ಲಿ ಬಿಳಿಯರು ಪಂಚಾಂಗದಂಥ ಪುಸ್ತಕ ನೋಡಿ ಗ್ರಹಣದ ಹೊತ್ತು ತಿಳಿದುಕೊಂಡು ಕುಕುವಾನಾ ಜನರನ್ನು ಬೆದರಿಸುತ್ತಾರೆ. (ನಮ್ಮೂರ ಜೋಯಿಸರು ಓದಿದರೆ ನಕ್ಕಾರು.) ಬಿಳಿಯನನ್ನು ಪ್ರೀತಿಸಿದ ಫೌಲಾಟಾಳನ್ನು ಸಾಯಿಸಿ, ಈ ಸಂಬಂಧ ಕೂಡುವಂಥದ್ದಲ್ಲ ಎಂದು ಅವಳಿಂದಲೇ ಹೇಳಿಸಿ ಲೇಖಕ ಕೈತೊಳೆದುಕೊಳ್ಳುತ್ತಾನೆ. ಕೊನೆಯಲ್ಲಿ ರಾಜನಾದ ಇಗ್ನೋಸಿ, ಬಂದೂಕು ಮತ್ತು ಹೆಂಡ ಹೊತ್ತು ತರುವ ಬಿಳಿ ವ್ಯಾಪಾರಿಗಳಿಗೆ ನನ್ನ ನಾಡಿನಲ್ಲಿ ಜಾಗವಿಲ್ಲ ಎನ್ನುತ್ತಾನೆ. ಆ ಮಾತು ಗಟ್ಟಿಯಾಗಿದೆ. ಆದರೆ ಅದನ್ನು ಕೇಳುತ್ತ ನಿಂತ ಕ್ವಾಟರ್‌ಮೇನ್ ಹತ್ತಿರ ಆಗಲೇ ಆ ನಾಡಿನ ವಜ್ರಗಳಿವೆ! ಪ್ರಬಂಧಕ್ಕೆ ಇನ್ನೇನು ಬೇಕು?

ಬೇಕಾದದ್ದು ಇನ್ನೊಂದಿದೆ. ಕೈಯಲ್ಲಿ ಪೆನ್ಸಿಲ್ ಹಿಡಿದು ಸಾಕ್ಷಿ ಹುಡುಕುತ್ತ ಓದುವ ಅಭ್ಯಾಸ ನಮಗೆ ಎಷ್ಟು ಅಂಟಿದೆಯೆಂದರೆ, ಕಥೆಯೇ ನಮ್ಮನ್ನು ಸಿಕ್ಕಿಸಿಹಾಕಲು ಬಿಡುವುದಿಲ್ಲ. ಹ್ಯಾಗರ್ಡ್‌ನಲ್ಲಿ ಭಯ ಹೊರಗಿದೆ: ಮರುಭೂಮಿ, ಗುಹೆ, ಮುದುಕಿ ಗಾಗೂಲ್. ಯಾರನ್ನು ನಂಬಬೇಕೆಂಬ ಗೊಂದಲ ಓದುಗನಿಗೆ ಇಲ್ಲವೇ ಇಲ್ಲ. ಸ್ಟೀವನ್ಸನ್‌ನಲ್ಲಿ ಭಯವಿರುವುದು ನಮಗೆ ಇಷ್ಟವಾಗಿಬಿಟ್ಟ ಮನುಷ್ಯನಲ್ಲೇ. ಸೇಬಿನ ಪೀಪಾಯಿಯೊಳಗೆ ಕೂತ ಹುಡುಗ ಜಿಮ್‌ಗೆ ಸಿಲ್ವರನ ಸಂಚು ಕೇಳಿಸುತ್ತದೆ. ಅವನಿಗೆ ಮೊದಲು ಉರಿಯುವುದು ಕೊಲೆಯ ಮಾತಿಗಲ್ಲ. ತನ್ನನ್ನು ಹೊಗಳಿದ್ದ ಅದೇ ಮಾತುಗಳಲ್ಲಿ ಸಿಲ್ವರ್ ಇನ್ನೊಬ್ಬ ತರುಣನನ್ನೂ ಹೊಗಳುತ್ತಿದ್ದಾನಲ್ಲ ಎಂಬುದಕ್ಕೆ. ಮೆಚ್ಚಿದ ದೊಡ್ಡವರಿಂದ ಹೀಗೊಂದು ಪೆಟ್ಟು ತಿಂದವರಿಗೆ ಆ ಉರಿ ಗೊತ್ತು.

ಮುಂದೆ ಇದೇ ಸಿಲ್ವರ್ ಒಬ್ಬ ನಾವಿಕನನ್ನು ಕೊಲ್ಲುವುದನ್ನು ಜಿಮ್ ಕಣ್ಣಾರೆ ನೋಡುತ್ತಾನೆ. ಆಮೇಲೆ ಅವನಿಂದಲೇ ಜೀವ ಉಳಿಸಿಕೊಳ್ಳುತ್ತಾನೆ. ಓಡಿಹೋಗೋಣ ಬಾ ಎಂದು ಡಾಕ್ಟರ್ ಕರೆದರೆ, ಮಾತು ಕೊಟ್ಟಿದ್ದೇನೆ, ಬರಲಾರೆ ಎನ್ನುತ್ತಾನೆ. ಪುಣ್ಯಕೋಟಿಯ ಹಾಡು ಕೇಳಿ ಬೆಳೆದ ನಮಗೆ ಇದು ಪರಿಚಿತ ಜಾಗ. ಆದರೆ ಇಲ್ಲಿ ಹುಲಿ ಕರಗುವುದಿಲ್ಲ. ಯಾವ ಕಡೆ ಸೇರಿದರೆ ಕುತ್ತಿಗೆ ಉಳಿದೀತು ಎಂದು ಲೆಕ್ಕ ಹಾಕುತ್ತಲೇ ಇರುತ್ತಾನೆ. ಕೊನೆಗೆ ಒಂದು ಚೀಲ ಹಣ ಎತ್ತಿಕೊಂಡು ಪರಾರಿ. ಅವನು ಗಲ್ಲಿಗೇರಲಿಲ್ಲವೆಂದು ನನಗೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ಯಾವ ಸಿದ್ಧಾಂತದ ಖಾನೆಗೆ ಹಾಕಬೇಕೋ ಇನ್ನೂ ತಿಳಿದಿಲ್ಲ.

ಓದುವವರು ಮುನ್ನುಡಿ ಬಿಟ್ಟು ನೇರ ಮೊದಲ ಅಧ್ಯಾಯಕ್ಕೆ ಹೋಗಿ. ನಡುವೆ ಡಾಕ್ಟರ್ ನಿರೂಪಿಸುವ ಮೂರು ಅಧ್ಯಾಯ ಸಪ್ಪೆ. ಬೇಗ ದಾಟಿಕೊಳ್ಳಿ, ಜಿಮ್ ವಾಪಸು ಬರುತ್ತಾನೆ.