ಮೂಲಮಾದರಿಯೂ ಮೂಲಪ್ರತಿಯೂ

ಹೆಸರು ಯಾವುದಕ್ಕೆ ಸಲ್ಲಬೇಕೆಂಬ ವಿಚಾರವು ಗ್ರಂಥಸಂಪಾದಕರಿಗೆ ಮಾತ್ರ ಮೀಸಲಾದುದಲ್ಲ. ಕಬ್ಬಿನ ಕಾಂಡಕೊರಕದ ಮೊಟ್ಟೆಯೊಳಗೆ ಬೆಳೆದು ಅದನ್ನು ನಾಶಗೊಳಿಸುವ, ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಟ್ರೈಕೋಗ್ರಾಮ ಎಂಬ ಕಣಜದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

ಬೆಂಗಳೂರಿನಲ್ಲಿ ಸಂಶೋಧನೆ ನಡೆಯಿಸಿದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಇವರು ೧೯೭೧ರ ಲೇಖನದಲ್ಲಿ, ಜಾತಿನಿರ್ಣಯಕ್ಕೆ ಗಂಡುಕೀಟದ ಜನನಾಂಗದ ರಚನೆಯು ಎಷ್ಟು ಮುಖ್ಯವೆಂಬುದನ್ನು ತೋರಿಸಿದರು. ಈ ಕಾರ್ಯವು ಸ್ತುತ್ಯವಾದುದು. ಆದರೆ ಅಲ್ಲಿ ವರ್ಣಿತವಾದ ಕಣಜಕ್ಕೆ, ಜಿರಾಲ್ಟರು ೧೯೧೨ರಲ್ಲಿ ಆಸ್ಟ್ರೇಲಿಯದ ಕಣಜಕ್ಕಿಟ್ಟ ‘ಆಸ್ಟ್ರಾಲಿಕಮ್’ ಎಂಬ ಹೆಸರು ಅಂಟಿಕೊಂಡಿತು. ಅದು ಸಲ್ಲದೆಂದು ವಿಜ್ಜಿಯಾನಿಯವರು ೧೯೭೬ರಲ್ಲಿ ‘ಕನ್ಫ್ಯೂಸಮ್’ ಎಂದು ಹೊಸ ಹೆಸರಿಟ್ಟರು. ೧೯೭೯ರಲ್ಲಿ ಬೆಂಗಳೂರಿನ ಆ ವಿದ್ವಾಂಸರೇ ಮರಳಿ ವಿಚಾರಿಸಿ, ಜಪಾನಿನ ಇಷೀಯವರು ೧೯೪೧ರಲ್ಲಿ ವರ್ಣಿಸಿದ ‘ಕಿಲೋನಿಸ್’ ಎಂಬುದೇ ಇದೆಂದು ನಿರ್ಣಯಿಸಿದರು.

ಇಲ್ಲಿ ವರ್ಣನೆಯು ನಿಂತಿತು, ಹೆಸರು ಬಿದ್ದಿತು. ಏಕೆಂದರೆ ವಸ್ತುಸಂಗ್ರಹಾಲಯದ ಮೂಲಮಾದರಿಯು ಜಾತಿಯ ಅತ್ಯುತ್ತಮ ಪ್ರತಿನಿಧಿಯಾಗಬೇಕೆಂಬ ನಿಯಮವಿಲ್ಲ. ಅದು ಹೆಸರಿಗೆ ಆಧಾರ. ಓಲೆಗರಿಯ ಅಪಪಾಠವನ್ನು ಪ್ರತ್ಯಂತರಗಳಿಂದ ತಿದ್ದಬಹುದು. ಕುಡಿಮೀಸೆ ಮುರಿದ ಕೀಟವನ್ನು ಹಾಗೆ ತಿದ್ದಲಾಗದು. ಆದರೂ ಹೆಸರು ಅದನ್ನು ಬಿಟ್ಟು ಕದಲದು.

ಆದುದರಿಂದ ಹಳೆಯ ಬರೆಹಗಳಲ್ಲಿ ‘ಆಸ್ಟ್ರಾಲಿಕಮ್’ ಎಂದು ಕಂಡಲ್ಲೆಲ್ಲ ಯಾವ ಕೀಟವೆಂದು ವಿಚಾರಿಸಬೇಕು. ಕೀಟವನ್ನು ಕಾದಿರಿಸದಿದ್ದರೆ ಉತ್ತರವೇ ಇಲ್ಲ. ಪ್ರತಿಯನ್ನು ಹೆಸರಿಸದೆ ಪಾಠವನ್ನು ಉದಾಹರಿಸುವ ನಮ್ಮವರೂ ಇದನ್ನು ಮನಗಾಣಬೇಕು. ತಮ್ಮ ಪಾಠವನ್ನು ತಾವೇ ತಿದ್ದಿಕೊಂಡ ಆ ಈರ್ವರ ಪ್ರಾಮಾಣಿಕತೆಯಂತೂ ಸಂಪಾದಕರಿಗೆಲ್ಲ ಅನುಕರಣೀಯವು.